ಮಾವ ನೋಡದ ಗ್ರಹಣ

2019ರ ಡಿಸೆಂಬರ್ 26ರಂದು ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ತಮಿಳುನಾಡಿನ ನಮ್ಮೂರು ಪಲ್ಲಡಂ ಮೇಲಿನ ಸೂರ್ಯ ಬಳೆಯಂತಾದ. ಊರಿಗೆಲ್ಲ ಗ್ರಹಣದ ಕನ್ನಡಕ ಹಂಚಿದ್ದ ನನ್ನ ಸೋದರಮಾವ ಮಾತ್ರ ತಲೆ ಎತ್ತಿ ನೋಡಲಿಲ್ಲ!

ಮಾವ ಕೊಯಮತ್ತೂರಿನಲ್ಲಿ ಖಗೋಳ ವಿಜ್ಞಾನಿ. ರಜೆ ಸಿಕ್ಕರೆ ನಮ್ಮೂರಿಗೆ ಬಂದು ಕಂಡಕಂಡವರಿಗೆ ಆಕಾಶ ಕಲಿಸುತ್ತಾರೆ. ಒಮ್ಮೆ ಮದುವೆಮನೆಯಲ್ಲಿ ಬೀಗರನ್ನೆಲ್ಲ ಗ್ರಹಗಳನ್ನಾಗಿ ಮಾಡಿ ವರನ ಸುತ್ತ ತಿರುಗಿಸಿದರು. ಶನಿಯಾಗಲು ಯಾರು ಒಪ್ಪುತ್ತಾರೆ? ಕೊನೆಗೆ ಮಾವನೇ ಶನಿಯಾದರು. ಹೆಣ್ಣಿನ ಚಿಕ್ಕಪ್ಪ, ಇದಕ್ಕೆ ಇಷ್ಟು ಹೊತ್ತು ಯೋಚಿಸಬೇಕಾಗಿತ್ತೇ ಎಂದರಂತೆ.

ಗ್ರಹಣ ಹಿಡಿದಾಗ ತಟ್ಟೆಯ ನೀರಿನಲ್ಲಿ ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎಂಬುದು ನಮ್ಮ ಬೀದಿಯ ನಂಬಿಕೆ. ಗ್ರಹಣಕ್ಕೆ ಇನ್ನೂ ವಾರವಿರುವಾಗಲೇ ಮಾವ ಬೀದಿಯಲ್ಲಿ ಒನಕೆ ನಿಲ್ಲಿಸಿ, ಗೆದ್ದವರಂತೆ ಸುತ್ತ ನೋಡಿದರು. ಪಕ್ಕದ ಮನೆಯಜ್ಜಿ ನೂಲು ಸುತ್ತುತ್ತಿದ್ದ ಕೈ ನಿಲ್ಲಿಸದೆಯೇ ಹೇಳಿದಳು: "ಹಂಗಾದ್ರೆ ತಂಬಿ, ಗ್ರಹಣ ನಿನ್ ಕೂಡೇ ಬಂದದೆ."

ಹೊರಗೆ ಬಂದು ಗ್ರಹಣ ನೋಡಲು ಬೀದಿಯೇನೋ ನಕ್ಕು ಒಪ್ಪಿತು. ಒಪ್ಪದೆ ಉಳಿದವರು ನನ್ನ ಅಮ್ಮ, ಅಂದರೆ ಮಾವನ ಅಕ್ಕ. 1980ರ ಫೆಬ್ರವರಿಯ ಗ್ರಹಣದ ದಿನ ಅಮ್ಮ ಚೊಚ್ಚಲ ಬಸುರಿ. ಗ್ರಹಣದ ಹೊತ್ತಿನಲ್ಲೇ ಅಂಗಳಕ್ಕೆ ಹೋಗಿದ್ದರು. ಆ ಮಗು ಉಳಿಯಲಿಲ್ಲ. ಆಮೇಲೆ ಯಾವ ಗ್ರಹಣದಲ್ಲೂ ಅವರು ಹೊಸ್ತಿಲು ದಾಟಲಿಲ್ಲ. ನಮಗೆ ಗೊತ್ತಿದ್ದದ್ದು ಇಷ್ಟೇ.

2019ರ ಆ ಬೆಳಿಗ್ಗೆ ಮೈದಾನದ ತುಂಬ ಜನ, ಮಾವ ಇಲ್ಲ! ಹುಡುಕಿಕೊಂಡು ಮನೆಗೆ ಓಡಿದೆ. ಅಮ್ಮ ಹಿತ್ತಿಲಿನ ನಮ್ಮ ಮಗ್ಗದ ಶೆಡ್ಡಿನ ಕಿಟಕಿ ಮುಚ್ಚಿ, ಸದ್ದಡಗಿ ನಿಂತ ಮಗ್ಗಗಳ ನಡುವೆ ಕೂತಿದ್ದರು. ಪಕ್ಕದಲ್ಲಿ ಮಾವ. ತಗಡಿನ ಮಾಡಿನ ಮೊಳೆತೂತುಗಳಿಂದ ಇಳಿದ ಬೆಳಕು ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಬಿಳಿ ಹಾಸುನೂಲಿನ ಮೇಲೆ ಬಿದ್ದಿತ್ತು. ತೂತಿಗೊಂದು ಸೂರ್ಯ, ಒಂದೊಂದೂ ಬಳೆ.

"ಅವತ್ತು ನಿನ್ ಕೈ ಹಿಡಿದು ಅಂಗಳಕ್ಕೆ ಎಳೆದೋನು ನಾನು, ಅಕ್ಕಾ," ಮಾವ ಹೇಳುತ್ತಿದ್ದರು. "ಒಂಬತ್ತು ವರ್ಷ ನಂಗೆ. ನೀ ಯಾರ ತಾವೂ ಹೇಳ್ಲಿಲ್ಲ."

"ಹೇಳಿದ್ರೆ ಅಪ್ಪ ನಿನ್ನ ಹೊಡೀತಿದ್ರು, ತಂಬಿ."

"ಗ್ರಹಣ ಮಗೂನ ತಗೊಂಡು ಹೋಗಲ್ಲ ಅಕ್ಕಾ. ಇಷ್ಟು ವರ್ಷ ಅದನ್ನೇ ಓದಿದ್ದೀನಿ."

ಅಮ್ಮ ಒಂದು ಬಳೆಯ ಬೆಳಕಿಗೆ ಅಂಗೈ ಒಡ್ಡಿದರು. ಅದು ಒಂದು ಕಡೆ ಬಿರಿದು ಕುಡುಗೋಲಿನಂತಾಗುವ ತನಕ ಕೈ ಹಿಂತೆಗೆಯಲಿಲ್ಲ.

2022ರ ಅಕ್ಟೋಬರ್ 25ರ ಸಂಜೆ ಮತ್ತೆ ಗ್ರಹಣ ಹಿಡಿಯಿತು. ಅಮ್ಮ ಪಕ್ಕದ ಮನೆಯ ತಾರಸಿಯ ಮೇಲಿದ್ದರು. ಗ್ರಹಣ ಬಿಡುವ ಮೊದಲೇ ಸೂರ್ಯ ಮುಳುಗಿದ. ಅವರು ಕೆಳಗಿಳಿದು ಬಂದು ರಾತ್ರಿಯ ಅಡುಗೆಗೆ ಅಕ್ಕಿ ತೊಳೆದರು.