ಮೂವತ್ತಾರರ ರೀಲಿನಲ್ಲಿ ನಲವತ್ತೊಂದು ಫೋಟೋ

ನಮ್ಮ ದೊಡ್ಡವ್ವನ ಫೋಟೋ ಹಾಳಾಗುವುದು ನಮ್ಮ ಮನೆತನದಲ್ಲಿ ಹಬ್ಬಹರಿದಿನಗಳಷ್ಟೇ ತಪ್ಪದೆ ನಡೆದುಕೊಂಡು ಬಂದಿದೆ. ಇದಕ್ಕೆ ನೆಂಟರು ಹೇಳುವ ಕಾರಣ ಗ್ರಹಗತಿ. ನಾನು ಹೇಳುವ ಕಾರಣ ಫಿಲ್ಮು. ಧಾರವಾಡದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನಾನು ಬೇರೆ ಕಾರಣ ಹೇಳಿದರೆ ಸಂಬಳ ತೆಗೆದುಕೊಳ್ಳುವುದು ಕಷ್ಟ.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ಇರುವುದು ಧಾರವಾಡದ ಹತ್ತಿರದ ಗರಗದಲ್ಲಿ. ಮದುವೆಯಾಗಿ ಬಂದ ವರ್ಷದಿಂದ ರಾಟಿಯ ಮುಂದೆ ಕೂತು ಖಾದಿಗೆ ನೂಲು ತೆಗೆದವಳು.

ಎರಡನೆಯ ಮದುಮಗ

ಅವಳ ಮದುವೆಯ ಫೋಟೋ ತೆಗೆಯಲು ಹುಬ್ಬಳ್ಳಿಯಿಂದ ಒಬ್ಬಾತ ಬಂದಿದ್ದ. ತೆಗೆದ ರೀಲನ್ನು ಹೊಸದೆಂದು ತಿಳಿದು ಮುಂದಿನ ವಾರ ಬೇರೊಂದು ಮದುವೆಗೂ ಅದನ್ನೇ ಹಾಕಿದ. ಒಂದು ಫಿಲ್ಮಿನ ಮೇಲೆ ಎರಡು ಮದುವೆ ನಡೆದವು. ಕಣ್ಣಿಗೆ ಕಾಣುವಂತೆ ಉಳಿದದ್ದು ಒಂದೇ ಚಿತ್ರ: ನಡುವೆ ದೊಡ್ಡವ್ವ, ಬಲಕ್ಕೆ ದೊಡ್ಡಪ್ಪ, ಎಡಕ್ಕೆ ಬಾಸಿಂಗ ಕಟ್ಟಿಕೊಂಡ ಅಪರಿಚಿತ ಮದುಮಗ, ಅರ್ಧ ಪಾರದರ್ಶಕ.

ಬೇರೆ ಫೋಟೋ ಇರಲಿಲ್ಲವಾದ್ದರಿಂದ ಅದಕ್ಕೇ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ದೊಡ್ಡಪ್ಪ ಇದ್ದಷ್ಟು ದಿನವೂ ಆ ಗೋಡೆಗೆ ಬೆನ್ನು ಮಾಡಿಯೇ ಊಟಕ್ಕೆ ಕೂತ. ಬಂದವರು ಕೇಳುತ್ತಿದ್ದರು: "ಈ ಕಡೀಗಿನವ್ರು ಯಾರ್ರಿ?"

"ಯಾರಿಗೊತ್ತು," ಎನ್ನುತ್ತಿದ್ದಳು ದೊಡ್ಡವ್ವ. "ಛಲೋ ಮನಶ್ಯಾ. ಇಷ್ಟು ವರ್ಷದಾಗ ಒಂದಿನಾ ಚಾ ಮಾಡು ಅಂದಿಲ್ಲ."

ಲಾಭದ ಐದು

ಕಳೆದ ವರ್ಷ ಅವಳ ಕೈ ನಡುಗತೊಡಗಿತು. ಎಳೆ ಮೇಲಿಂದ ಮೇಲೆ ಹರಿಯುತ್ತಿತ್ತು. ರಾಟಿ ಅವಳದಲ್ಲ, ನೂಲುವ ಕೇಂದ್ರದ್ದು. ಅಲ್ಲಿಯ ಮ್ಯಾನೇಜರ್ ಒಳ್ಳೆಯ ಮನುಷ್ಯ, ಮನೆಗೇ ಬಂದು ಹೇಳಿದ: "ಅವ್ವಾರ, ಇನ್ನ ಆರಾಮ ತಗೋರಿ. ರಾಟಿ ಮುಂದ ಕುಂತದ್ದೊಂದು ಫೋಟೋ ತಗದು ಆಫೀಸಿನ ಗೋಡಿಗೆ ಹಾಕ್ತೀವಿ. ಆಮ್ಯಾಲೆ ರಾಟಿ ಹೊಸಬರಿಗೆ ಕೊಡೂಣು." ಹೇಳುತ್ತಲೇ ಕಿಸೆಯಿಂದ ಮೊಬೈಲ್ ತೆಗೆದ.

ದೊಡ್ಡವ್ವ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದಳು. "ಅದು ಬ್ಯಾಡ್ರಿ. ಅದರಾಗ ತಗದ ಫೋಟೋ ಕಿಸೇದಾಗ ಹುಟ್ಟಿ ಕಿಸೇದಾಗ ಸಾಯತೈತಿ. ನಮ್ಮ ತಂಗಿ ಮಗನ ಕಡೆ ರೀಲಿನ ಕ್ಯಾಮರಾ ಐತಿ. ಅವಾ ಬರಲಿ. ಫೋಟೋ ಬರೂತನಕ ರಾಟಿ ಇಲ್ಲೇ ಇರಲಿ."

ಮ್ಯಾನೇಜರ್ ಒಪ್ಪಿದ. ನಾನು ಹೋದೆ.

ಮೂವತ್ತಾರರ ರೀಲು. ನಮ್ಮ ಕಡೆ ರೀಲಿನಿಂದ ಒಂದೆರಡು ಹೆಚ್ಚು ಫೋಟೋ ಹಿಂಡುವುದು ಜಾಣತನದ ಲಕ್ಷಣ. ಮೂವತ್ತೇಳು ಬಂತು. ಮೂವತ್ತೆಂಟು ಬಂತು. ದೊಡ್ಡವ್ವನ ಮಗ ಲೆಕ್ಕ ಕೂಗುತ್ತಿದ್ದ. ನಲವತ್ತಕ್ಕೆ ನೆರೆಮನೆಯವರನ್ನೂ ಕರೆದು ಕೂರಿಸಿದೆವು, ಹೇಗೂ ಲಾಭದ್ದು. ನಲವತ್ತೊಂದಕ್ಕೆ ಸಾಕು ಎಂದೆ. ಇಲ್ಲದ ಐದು ಫೋಟೋ ಎಲ್ಲಿಂದ ಬಂದವು ಎಂದು ಭೌತಶಾಸ್ತ್ರದವನು ಕೇಳಬೇಕಿತ್ತು. ಕೇಳಲಿಲ್ಲ.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಈಗಲೂ ಫಿಲ್ಮು ತೊಳೆದುಕೊಡುವ ಹಳೆಯ ಸ್ಟುಡಿಯೋ ಒಂದಿದೆ. ಮಾಲೀಕ ನನ್ನ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದ. ಅದರ ಮೂಲಕ ಹಿಂದಿನ ಗೋಡೆಯ ಕ್ಯಾಲೆಂಡರು ಸ್ಪಷ್ಟವಾಗಿ ಕಾಣಿಸಿತು. ಫಿಲ್ಮು ಕ್ಯಾಮರಾದೊಳಗಿನ ಚಕ್ರದ ಹಲ್ಲಿಗೆ ಸಿಕ್ಕೇ ಇರಲಿಲ್ಲ. ನಲವತ್ತೊಂದು ಸಲ ಕ್ಯಾಮರಾ ಬರೀ ಸಪ್ಪಳ ಮಾಡಿತ್ತು.

"ಸರ, ನಮ್ಮ ತಪ್ಪು ಏನೂ ಇಲ್ರಿ," ಎಂದ ಮಾಲೀಕ. "ಎಷ್ಟು ಸ್ವಚ್ಛ ತೊಳದೇವಿ ನೋಡ್ರಿ, ಒಂದ ಕಲೆ ಇಲ್ಲ."

ನಿಂಬೆಹಣ್ಣು

ಸುದ್ದಿ ಧಾರವಾಡದ ನಮ್ಮ ಮಾಳಮಡ್ಡಿಗೆ ನನಗಿಂತ ಮೊದಲೇ ತಲುಪಿತ್ತು. ಪಕ್ಕದ ಮನೆಯ ಕಾಕಾ ಕಾಂಪೌಂಡಿಗೆ ಆತು ನಿಂತಿದ್ದರು. "ಕ್ಯಾಮರಾಕ್ಕ ಒಂದು ನಿಂಬಿಹಣ್ಣು, ನಾಕು ಮೆಣಸಿನಕಾಯಿ ಕಟ್ಟೋ."

"ಎಲ್ಲಿ ಕಟ್ಟಲಿ ಕಾಕಾ? ಮುಂದೋ, ಹಿಂದೋ?"

"ಮುಂದ."

"ಹಂಗಾದ್ರ ಫೋಟೋದಾಗ ಬರೇ ನಿಂಬಿಹಣ್ಣ ಬರತೈತಲ್ರಿ."

"ಏನರೆ ಒಂದು ಬರತೈತಲ್ಲೋ ಮಾರಾಯಾ. ಈ ಸಲ ಅದೂ ಬಂದಿಲ್ಲ."

ಕಾಲೇಜಿನಲ್ಲಿ ನನ್ನ ಪಕ್ಕದ ಕುರ್ಚಿಯ ಸಹೋದ್ಯೋಗಿ, ಇಪ್ಪತ್ತು ವರ್ಷಗಳಿಂದ ಕ್ವಾಂಟಮ್ ಕಲಿಸುವವರು, ದನಿ ತಗ್ಗಿಸಿ ಹೇಳಿದರು: "ರಾಹುಕಾಲ ನೋಡಿಕೊಂಡು ತಗೀರಿ." ನೋಡಿದೆ. ಭಾನುವಾರ ಸಂಜೆ ನಾಲ್ಕೂವರೆಗೆ ಶುರು. ಆ ಹೊತ್ತಿಗೆ ಸರಿಯಾಗಿಯೇ ತೆಗೆಯುವುದೆಂದು ಅಲ್ಲೇ ನಿಶ್ಚಯಿಸಿದೆ.

ಗಂಟು

ಎರಡನೆಯ ರೀಲಿಗೆ ಪ್ರತಿ ಫೋಟೋಕ್ಕೂ ಫಿಲ್ಮು ಮುಂದೆ ಸರಿಯುತ್ತದೆಯೋ ಇಲ್ಲವೋ ಪರೀಕ್ಷಿಸಿದೆ. ಮೂವತ್ತಾರಕ್ಕೆ ಗಟ್ಟಿಯಾಗಿ ನಿಂತಿತು. ರಾಹುವಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಎಸೆದು, ಕ್ಯಾಮರಾ ಜಮಖಾನೆಯ ಮೇಲಿಟ್ಟು ಮುಖ ತೊಳೆಯಲು ಹಿತ್ತಲಿಗೆ ಹೋದೆ. ಬರುವಷ್ಟರಲ್ಲಿ ಕ್ಯಾಮರಾದ ಬೆನ್ನು ತೆರೆದಿತ್ತು. ದೊಡ್ಡವ್ವ ಇಡೀ ಫಿಲ್ಮನ್ನು ಹೊರಗೆಳೆದು, ನೂಲಿನ ಲಡಿ ಸುತ್ತುವಂತೆ ಮೊಣಕೈಗೂ ಹೆಬ್ಬೆರಳಿಗೂ ನಡುವೆ ನೀಟಾಗಿ ಸುತ್ತುತ್ತಿದ್ದಳು.

"ಒಳಗ ಗಂಟು ಬಿದ್ದಂಗಿತ್ತು ತಮ್ಮಾ. ಬಿಚ್ಚೇನಿ."

"ದೊಡ್ಡವ್ವಾ, ಬೆಳಕು ಬಿದ್ರ ಎಲ್ಲಾ ಹೋಗತೈತಿ!"

"ಹೌದ?" ಎಂದಳು, ಸುತ್ತುವುದನ್ನು ನಿಲ್ಲಿಸದೆ. "ನಮ್ಮ ನೂಲಿಗೆ ಹಂಗೇನಿಲ್ಲ ನೋಡು."

ಇವತ್ತು ಫೋಟೋ ಮುಗಿಯುತ್ತದೆಂದು ತಿಳಿದು ರಾಟಿ ಒಯ್ಯಲು ಟೆಂಪೋ ತಂದಿದ್ದ ಮ್ಯಾನೇಜರ್ ಚಾ ಕುಡಿದು ಖಾಲಿ ಟೆಂಪೋದಲ್ಲಿ ವಾಪಸು ಹೋದ. ದೊಡ್ಡವ್ವ ಲಡಿ ನನ್ನ ಕೈಗಿಟ್ಟಳು. "ಕೈ ನಡುಗತಾವು ಅಂತೀರಿ. ಎಲ್ಲೆರೆ ಹರದೈತೇನು ನೋಡು."

ರಾಹುಕಾಲ

ಮೂರನೆಯ ಸಲ ಕ್ಯಾಮರಾ ನನ್ನ ಕೊರಳಿನಿಂದ ಇಳಿಯಲಿಲ್ಲ. ಊಟವನ್ನೂ ಹಾಗೇ ಮಾಡಿದೆ. ಮತ್ತೆ ಭಾನುವಾರ, ಮತ್ತೆ ನಾಲ್ಕೂವರೆ. ದುರ್ಗದಬೈಲಿನ ಮಾಲೀಕ ಫಿಲ್ಮನ್ನು ಬೆಳಕಿಗೆ ಹಿಡಿದಾಗ ಕ್ಯಾಲೆಂಡರು ಕಾಣಿಸಲಿಲ್ಲ. ಮೂವತ್ತಾರಕ್ಕೆ ಮೂವತ್ತಾರೂ ಬಂದಿದ್ದವು. ಒಂದರಲ್ಲಿ ದೊಡ್ಡವ್ವ ಎಡಗೈ ಮೇಲಕ್ಕೆತ್ತಿ ಎಳೆ ಎಳೆಯುತ್ತಿದ್ದಾಳೆ. ಅವಳಿಗೆ ಕ್ಯಾಮರಾದ ಪರಿವೆಯೇ ಇಲ್ಲ. ಅದನ್ನೇ ದೊಡ್ಡದು ಮಾಡಿಸಿದೆ. ಗರಗದಿಂದ ಮರಳಿದ ಮೇಲೆ ಕಾಕಾನಿಗೂ ಕ್ವಾಂಟಮ್‌ನವರಿಗೂ ತೋರಿಸಿ, ಒಂದು ವಾರ ಮಾತಾಡಲು ಬಿಡಬಾರದೆಂದು ಯೋಚಿಸಿದ್ದೆ.

ಗರಗದಲ್ಲಿ ಮ್ಯಾನೇಜರ್ ಆಗಲೇ ಕಟ್ಟೆಯ ಮೇಲೆ ಕೂತಿದ್ದ. ದೊಡ್ಡವ್ವ ನನ್ನನ್ನು ನೇರವಾಗಿ ಒಳಗೆ ಕರೆದೊಯ್ದಳು. ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ಬಹಳ ಹೊತ್ತು ನೋಡಿದಳು.

"ಛಲೋ ಬಂದೈತಿ," ಎಂದಳು. ಆಮೇಲೆ ಟ್ರಂಕು ತೆರೆದು, ಸೀರೆಗಳ ತಳಕ್ಕೆ ಸೇರಿಸಿ, ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕೈ ನಡುಗತಾವು ಖರೇ. ಆದ್ರ ರಾಟಿ ಹೋದ ಮ್ಯಾಲೆ ಇವು ಏನ ಹಿಡೀಬೇಕು, ಹೇಳು?"

ನಾನು ಹೇಳುವ ಮೊದಲೇ ಹೊರಗೆ ಹೋಗಿದ್ದಳು. "ಸಾಹೇಬ್ರ, ಈ ಸಲಾನೂ ಕೆಟ್ಟಾವ್ರಿ."

ಮ್ಯಾನೇಜರ್ ನನ್ನತ್ತ ತಿರುಗಿದ. "ಖರೇ ಏನ್ರಿ ಸರ? ಮೂರೂ ಸಲ? ನೀವು ಸೈನ್ಸ್ ಓದಿದವ್ರು. ಹಿಂಗ್ಯಾಕ ಆಗತೈತ್ರಿ?"

ದೊಡ್ಡವ್ವ ನನ್ನನ್ನೇ ನೋಡುತ್ತಿದ್ದಳು. ಒಳಗೆ ರಾಟಿಯ ಮೇಲೆ ಅರ್ಧ ಎಳೆದ ನೂಲು ಹಾಗೇ ಇತ್ತು.

"ರಾಹುಕಾಲದಾಗ ತಗದಿದ್ದೆ ನೋಡ್ರಿ," ಎಂದೆ. "ಎಲ್ಲೀದು ಬರತೈತಿ?"