ಚುಕ್ಕಿ ಫೋಟೋ ತಗಿಯಾಂವನ ಮ್ಯಾಲ ಊರ ಕಣ್ಣು

ಕಳವು ಮಾಡಾಂವ ಹಾಡಾಹಗಲ ಅರಾಮ ತಿರಗ್ಯಾಡ್ತಾನ, ಯಾರೂ ಕೇಳೂದಿಲ್ಲ. ನಾ ನನ್ನ ಹಿತ್ತಲದಾಗ ಕ್ಯಾಮೆರಾ ನಿಲ್ಲಿಸಿ ಮ್ಯಾಲ ನೋಡಿದ್ನಂದ್ರ ಮಾತ್ರ ಎಲ್ಲೋ ಒಂದು ಕಿಡಕಿ ತಗೀತೈತಿ, ಎಲ್ಲೋ ಒಬ್ರು ಕೆಮ್ಮತಾರ. ಗೋವಾದ ಸಾಂಕೋಲೆಗೆ ಬಂದಾಗಿಂದ ಇದ ನನ್ನ ಹಣೇಬರಾ.

ನಾ ಇಲ್ಲಿ ಫ್ಯಾಕ್ಟರಿಯೊಳಗ ವೆಲ್ಡರ್. ದಿನಾ ಪೂರ್ತಿ ಕರೀ ಗಾಜಿನ ಹಿಂದ ನಿಂತು ಬೆಂಕಿ ನೋಡಾಂವಗ ಸಂಜಿಗೆ ಚುಕ್ಕಿ ನೋಡೂ ಹುಚ್ಚು. ಆದ್ರ ಆಕಾಶ ಎಲ್ಲೈತ್ರಿ? ಒಂದು ಕಡೆ ಮುರ್ಮುಗಾಂವ್ ಬಂದರಿನ ದೀಪ, ಇನ್ನೊಂದು ಕಡೆ ಫ್ಯಾಕ್ಟರಿ ದೀಪ, ನಡುವ ಬೀದಿ ಕಂಬದ ಹಳದಿ ದೀಪ. ಎಲ್ಲಾ ಕೂಡಿ ಆಕಾಶಕ್ಕ ಅರಿಷಿಣ ಬಳದಬಿಟ್ಟಾವ. ಅದಕ್ಕಂತನ ಒಂದು ಫಿಲ್ಟರ್ ಬರ್ತೈತಿ, ಲೆನ್ಸಿನ ಮುಂದ ಹಾಕೂ ದುಂಡನ ಗಾಜು. ಹಳದಿ ದೀಪದ ಬೆಳಕ ತಡೀತೈತಿ, ಚುಕ್ಕಿ ಬೆಳಕ ಒಳಗ ಬಿಡ್ತೈತಿ. ಬಿಳೀ ಎಲ್‌ಇಡಿ ದೀಪದ ಮುಂದ ಮಾತ್ರ ಅದರ ಆಟ ನಡಿಯೂದಿಲ್ಲ. ನಮ್ಮ ಕಂಬಕ್ಕ ಹಳೇ ಹಳದಿ ದೀಪ ಇತ್ತು, ನನ್ನ ಪುಣ್ಯಾ.

ಇನ್ನ ಮನಿ ವಿಷಯ. ನಮ್ಮಂಥಾ ದುಡಿಯೂ ಮಂದಿಗೆ ಗೋವಾದಾಗ ಖೋಲಿ ಸಿಗ್ತಾವ, ಹಿತ್ತಲ ಸಿಗೂದಿಲ್ಲ. ನಮಗ ಸಿಕ್ಕಿತ್ತು. ಮಾಲ್ಕಿಣಬಾಯಿ ಮುಂದಿನ ಮನ್ಯಾಗ, ನಾವು ಹಿಂದ. ಹನ್ನೊಂದು ತಿಂಗಳ ಕರಾರು ಮುಗಿಯಾಕ ಬಂದಿತ್ತು. ಮುಂದ ಹೆಂಗ ಅಂತ ಕೇಳಿದ್ರ “ನೋಡೂಣು” ಅಂತಿದ್ಲು. ಆ “ನೋಡೂಣು” ಕೇಳಿದಾಗೊಮ್ಮೆ ನಾ ಕ್ಯಾಲೆಂಡರ್ ನೋಡಿ ಉಳದ ದಿನಾ ಎಣಸ್ತಿದ್ದೆ.

ಗಾಜು ಬಂದ ದಿನಾ

ಫಿಲ್ಟರಿನ ಪಾರ್ಸೆಲ್ ಒಡದಾಕಿ ನನ್ನ ಹೆಂಡ್ತಿ. ಆಕಿ ಬೀಚಿನ್ಯಾಗ ಮಣಿಸರಾ ಮಾರ್ತಾಳ, ಗಿರಾಕಿ ಕಣ್ಣ ನೋಡಿ ಸುಳ್ಳು ಹಿಡಿಯಾಕಿ. ಗಾಜು ಹಿಂದ ಮುಂದ ಹೊಳ್ಳಿಸಿ ನೋಡಿದ್ಲು.

“ಏನ್ರಿ ಇದು?”

“ಬೆಳಕು ಸೋಸೂದು.”

“ಚಾ ಸೋಸೂದು ಗೊತ್ತೈತಿ. ಬೆಳಕ ಯಾಕ ಸೋಸಬೇಕು?”

“ಬ್ಯಾಡಾದ್ದು ಹೋಗಿ ಬೇಕಾದ್ದಷ್ಟ ಕಾಣಾಕ.”

ಆಕಿ ಗಾಜು ಕಣ್ಣಿಗೆ ಹಿಡದು ನನ್ನ ಕಡೆ ಭಾಳ ಹೊತ್ತು ನೋಡಿದ್ಲು. ಆಮ್ಯಾಲ ಗಾಜು ಕೆಳಗ ಇಟ್ಲು. “ಸುಳ್ಳು. ನಿಮ್ಮ ಹೊಟ್ಟ್ಯಾಗಿಂದು ಏನೂ ಕಾಣವಲ್ದು.”

ಅಮಾಸಿ

ಚುಕ್ಕಿ ಫೋಟೋಕ್ಕ ಚಂದ್ರ ಇರಬಾರ್ದು. ಅಂದ್ರ ಅಮಾಸಿನ ಚಲೋ. ನಮ್ಮ ಮಂದಿಗೆ ಅಮಾಸಿ ಅಂದ್ರ ಗಾಡಿಗೆ ಲಿಂಬಿಹಣ್ಣು ಕಟ್ಟೂ ದಿನಾ, ಕತ್ತಲಾದ ಮ್ಯಾಲ ಯಾರೂ ಹೊರಗ ಹೋಗೂದಿಲ್ಲ. ಅಂಥಾ ದಿನಾ ನಾ ಹಿತ್ತಲದಾಗ ಚಾಪಿ ಹಾಸಿ, ಹಣಿಗೆ ಕೆಂಪು ಬ್ಯಾಟರಿ ಕಟಗೊಂಡು ಕುಂದರ್ತಿದ್ದೆ. ಬಿಳೀ ಬ್ಯಾಟರಿ ಹಚ್ಚಿದ್ರ ಕಣ್ಣಿಗೆ ಕತ್ತಲದಾಗ ಏನೂ ಕಾಣೂದಿಲ್ಲ, ಅದಕ್ಕ ಕೆಂಪು. ಕ್ಯಾಮೆರಾ ತೆರೆದಿದ್ದಷ್ಟು ಹೊತ್ತು ಬಾಯಾಗ ಪುಟುಪುಟು ಸೆಕೆಂಡ್ ಎಣಸ್ತಿದ್ದೆ.

ಬಾಜೂ ಮನ್ಯಾಗ ವಿಜಯಪುರ ಕಡೆಯಾಕಿ ಒಬ್ಬ ಆಯಿ. ಮರುದಿನ ನಳದ ಹತ್ರ ನನ್ನ ಹಿಡದ್ಲು.

“ತಮ್ಮಾ, ಯಾರಿಗೆ ಮಾಡಾಕತ್ತಿ?”

“ಏನು ಆಯಿ?”

“ಬಾಯಿ ಬಿಡಿಸಬ್ಯಾಡ. ಅಮಾಸಿ, ಕೆಂಪ ದೀಪ, ಮಂತ್ರಾ. ನಾ ಏನು ಕುರುಡಿ ಏನು?”

ಅಯ್ಯೋ ನನ್ನ ಕರ್ಮವೇ! ಈ ಮಾತು ಮಾಲ್ಕಿಣಬಾಯಿ ಕಿವಿಗೆ ಬಿದ್ರ ಕರಾರಿನ ಕತಿ ಮುಗೀತು. ದೇವರಾಣಿ ಮಾಡಿದೆ, ಮೊಬೈಲಿನ್ಯಾಗ ಫೋಟೋ ತೋರಿಸಿದೆ, ಯಾರಿಗೂ ಮಾಟಾ ಮಾಡಿಲ್ಲಂತ ಹೇಳಿ ಹೇಳಿ ಗಂಟಲಾ ಒಣಗಿತು. ಆಯಿ ಮಾರಿ ಸಪ್ಪಗಾತು. ಆಕಡೆ ಈಕಡೆ ನೋಡಿ ನನ್ನ ಕಿವಿ ಹತ್ರ ಬಂದು ಅಂದ್ಲು: “ಹಂಗಾರ ಪುರಸೊತ್ತು ಐತಲ್ಲಾ, ನಮ್ಮ ಸೊಸಿಗೊಂದು ಮಾಡಿಕೊಡಪಾ.”

ಕೆಂಪು ಮೋಡ

ಆಕಾಶದಾಗ ಚುಕ್ಕಿ ನಡುವ ಹೊಗಿ ಹಂಗ ಕೆಂಪು ಮೋಡ ಇರ್ತಾವ, ಮಳಿ ಮೋಡ ಅಲ್ಲ. ಬರಿಗಣ್ಣಿಗೆ ಕಾಣೂದಿಲ್ಲ, ಕ್ಯಾಮೆರಾಕ್ಕ ಸಿಕ್ರ ಹಬ್ಬ. ದಸರಾದ ಖಂಡೇ ಪೂಜಾ, ಅಂದ್ರ ಆಯುಧ ಪೂಜಾ, ಮುಗದ ಮ್ಯಾಲ ಮತ್ತ ಫೋಟೋ ತಗದೆ. ಏನಂತೀರಿ, ಫೋಟೋದ ಮೂಲ್ಯಾಗ ಇಷ್ಟಗಲ ಕೆಂಪು ಮೋಡ!

ಕುಣಿಯೂದೊಂದ ಬಾಕಿ. ಮಡಗಾಂವ್‌ದಾಗ ನನ್ನಂಗನ ಈ ಹುಚ್ಚಿನವರು ಒಬ್ರು ಮಾಸ್ತರ ಅದಾರ, ಅವರಿಗೆ ಕಳಿಸಿದೆ. “ಆ ಜಾಗಾದಾಗ ಮೋಡ ಇರೂದ ಇಲ್ಲ. ಇನ್ನೊಮ್ಮೆ ನೋಡು,” ಅಂದ್ರು. ನನಗ ಗುಮಾನಿ ಬಂತು. ಈ ಮನಶಾ ಇದನ್ನ ತನ್ನ ಹೆಸರಿಲೆ ಮಾಡ್ಕೊಳ್ಳಾಕ ಹೊಂಟಾನ! ಹೆಂಡ್ತಿಗೆ ಬಾಗಲಾ ಹಾಕು ಅಂದೆ, ದನಿ ಸಣ್ಣ ಮಾಡಿ ಎಲ್ಲಾ ಹೇಳಿದೆ, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದೆ.

“ಕೆಂಪಗ ಐತೇನ್ರಿ? ಒಂದು ಮೂಲ್ಯಾಗ?”

“ಹೌದು. ನಿನಗ ಹೆಂಗ ಗೊತ್ತಾತು?”

“ಖಂಡೇ ಪೂಜಾ ದಿನಾ ನಿಮ್ಮ ವೆಲ್ಡಿಂಗ್ ಸಾಮಾನಿಗೆಲ್ಲಾ ಕುಂಕುಮ ಹಚ್ಚಿದೆ. ಈ ಗಾಜಿಗೊಂದ ಬಿಟ್ರ ಅದರ ಮನಸಿಗೆ ಹೆಂಗ ಅನಸಬಾರ್ದು? ಉದುರಬಾರ್ದಂತ ಎಣ್ಣ್ಯಾಗ ಕಲಿಸಿ ಹಚ್ಚೇನಿ.”

ಮೋಜಣಿ

ಚುಕ್ಕಿ ರಾತ್ರಿಪೂರ್ತಿ ಸರಕೊಂತ ಹೋಗ್ತಾವ. ಕ್ಯಾಮೆರಾನೂ ಅವುಗಳ ಜೋಡಿ ಹೊಳ್ಳಬೇಕಂದ್ರ ಮೊದಲ ಧ್ರುವ ನಕ್ಷತ್ರದ ಕಡೆ ಮಾರಿ ಮಾಡಿ ಹೊಂದಿಸಬೇಕು, ಅಂದ್ರ ಉತ್ತರಕ್ಕ. ನಮ್ಮ ಹಿತ್ತಲದ ಉತ್ತರಕ್ಕ ಮಾಲ್ಕಿಣಬಾಯಿ ಮೈದುನನ ಬೇಲಿ. ದಿನಾ ಹೊಂದಿಸೂದು ತ್ರಾಸಂತ ಸ್ಟ್ಯಾಂಡಿನ ಮೂರು ಕಾಲು ಇಡೂ ಜಾಗಾಕ್ಕ ನೆಲದ ಮ್ಯಾಲ ಸುಣ್ಣದ ಗುರ್ತು ಮಾಡಿದ್ದೆ.

ಒಂದು ಸಂಜಿ ಮಾಲ್ಕಿಣಬಾಯಿ ಬಂದು ನಿಂತ್ಲು. “ಕಿತೆಂ ರೇ ಹೆಂ?” ಏನೋ ಇದು, ಅಂತ. ಆಕಿದು ಕೊಂಕಣಿ, ನಂದು ಮುರಕ ಹಿಂದಿ. ಆದ್ರ ಜಗಳಾ ಯಾವ ಭಾಷಾದಾಗ ಇದ್ರೂ ತಿಳೀತೈತಿ.

“ಚುಕ್ಕಿ ಫೋಟೋ, ಬಾಯಿ.”

“ಚುಕ್ಕಿ ಮ್ಯಾಲ ಅದಾವ. ಗುರ್ತು ಯಾಕ ನನ್ನ ನೆಲದ ಮ್ಯಾಲ?”

“ಕಾಲ ಇಡೂದಕ್ಕ...”

“ಅದನ್ನ ನಾನೂ ಹೇಳಾಕತ್ತೇನಿ! ಹೊರಗಿನವರು ಮೊದಲ ಕಾಲ ಇಡ್ತಾರ. ಆಮ್ಯಾಲ ಮೋಜಣಿ, ಆಮ್ಯಾಲ ಕಾಗದಪತ್ರ, ಆಮ್ಯಾಲ ನಾವು ಬೀದ್ಯಾಗ!”

ಇಲ್ಲಿ ಜಾಗಾದ ಬೆಲಿ ಏರಿದಾಗಿಂದ ಮೂರು ಕಾಲಿಂದು ಏನ ಕಂಡ್ರೂ ಮಂದಿಗೆ ಜಾಗಾ ಅಳಿಯೂ ಮೋಜಣಿದಾರ ಕಂಡಂಗ ಆಕ್ಕೈತಿ. ಎಷ್ಟು ತಿಳಿಸಿ ಹೇಳಿದ್ರೂ ಕೇಳಲಿಲ್ಲ. ಕರಾರು ಮುಗದ ದಿನಾ ಮನಿ ಖಾಲಿ ಮಾಡು ಅಂದು ಹೋದ್ಲು.

ನನಗ ಖರೇನ ಅಳು ಬಂತು. ಇಂಥಾ ಹಿತ್ತಲ ಮತ್ತ ಎಲ್ಲಿ ಸಿಗಬೇಕು? ಹೆಂಡ್ತಿ ತಾಟು ನನ್ನ ಮುಂದ ಕುಕ್ಕಿದ್ಲು. “ಈ ಫಿಲ್ಟರ್ ಮಾರಿಬಿಡ್ತೇನಿ ನೋಡು,” ಅಂದೆ.

“ಮಾರೂದು ಆಮ್ಯಾಲ. ಮೊದಲ ಕುಂಕುಮ ಒರಸ್ರಿ.”

ಹಿಂದ ಸರದ ಬೇಲಿ

ಸಾಮಾನೆಲ್ಲಾ ಗಂಟು ಕಟ್ಟಿದ್ವಿ. ಅಷ್ಟರಾಗ ಒಂದು ಮುಂಜಾನೆ ಮಾಲ್ಕಿಣಬಾಯಿ ನಮ್ಮ ಕರ್ಚಿಕಾಯಿ ಹಂಗ ಇರೂ ನೇವರಿ ತುಂಬಿದ ತಾಟು ಹಿಡ್ಕೊಂಡು ಬಂದ್ಲು. ನಾ ಮುಟ್ಟಲಿಲ್ಲ. ಮನಿ ಬಿಡಸಾಕಿ ನೇವರಿ ತರ್ತಾಳಂದ್ರ ಅದರಾಗ ಏನರ ಇರಬೇಕು.

ನನ್ನ ರಟ್ಟಿ ಹಿಡದು ಹಿತ್ತಲಕ್ಕ ಎಳಕೊಂಡು ಹೋದ್ಲು. ಮೈದುನನ ಬೇಲಿ ಒಂದು ಮಾರು ಹಿಂದ ಹೋಗಿತ್ತು! ಹಳೇ ಗೂಟದ ತೆಗ್ಗು ನಮ್ಮ ಕಡೆ ಹಂಗ ಬಾಯಿ ಬಿಟಗೊಂಡಿದ್ವು. ಪ್ರತಿ ವರ್ಷ ಒಂದೀಟ, ಒಂದೀಟ ಬೇಲಿ ಒಳಗ ನೂಕ್ಕೊಂತ ಬಂದಾಂವ ಅವಾ. ಮಾಲ್ಕಿಣಬಾಯಿ ಮಾಡಿದ ಜಗಳಾಕ್ಕ ಒಂದು ಗೂಟಾನೂ ಅಳ್ಳಾಡಿರಲಿಲ್ಲ. ಈಗ ದಿನಾ ಸಂಜಿಗೆ ತನ್ನ ಬೇಲಿ ಕಡೆನ ಮಾರಿ ಮಾಡಿ ನಿಂತ ಮೂರು ಕಾಲು, ಕೆಂಪ ದೀಪ, ಸುಣ್ಣದ ಗುರ್ತು ನೋಡಿ ನೋಡಿ ಅವನ ಜೀವಾ ಹಾರಿತ್ತು.

“ಮೋಜಣಿದಾರ ಇನ್ನ ಎಷ್ಟು ದಿನಾ ಇರ್ತಾನ ಅಂತ ಕೇಳಿದಾ,” ಅಂದ್ಲು ಬಾಯಿ. “ಕೆಲಸ ಮುಗಿಯೂತನಕಾ ಅಂದೆ.”

“ಹಂಗಾರ ಮನಿ, ಬಾಯಿ?”

“ಎಲ್ಲಿಗೆ ಹೊಂಟಿ? ಇರು. ಆದ್ರ ದಿನಾ ಸಂಜಿಗೆ ಮೂರು ಕಾಲು ನಿಲ್ಲಿಸಬೇಕು.”

“ಮೋಡ ಇದ್ರ?”

“ಇದ್ರೂ.”

“ಮಳಿ ಬಂದ್ರ?”

“ಛತ್ರಿ ನಾ ಕೊಡ್ತೇನಿ.”

ಗಂಟು ಬಿಚ್ಚಿದ್ವಿ, ನೇವರಿ ತಿಂದ್ವಿ. ಹಿತ್ತಲ ಉಳೀತು, ನಾ ಗೆದ್ದೆ ಅನಕೊಂಡೆ. ಒಂದು ವಾರದಾಗ ಕೆಲಸದಿಂದ ಬಂದು ನೋಡ್ತೇನಿ, ಬೀದಿ ಕಂಬದ ಹಳದಿ ದೀಪ ಮಾಯ! ಆ ಜಾಗಾಕ್ಕ ಹೊಸಾ ಬಿಳೀ ಎಲ್‌ಇಡಿ ಕುಂತೈತಿ, ಅದೂ ಗೋಣು ಹೊಳ್ಳಿಸಿ ನೆಟ್ಟಗ ನಮ್ಮ ಹಿತ್ತಲಕ್ಕ. ಫಿಲ್ಟರ್ ಹಾಕಿದೆ, ತಗದೆ, ಒರಸಿ ಮತ್ತ ಹಾಕಿದೆ. ಒಂದು ಚುಕ್ಕೀನೂ ಸಿಗಲಿಲ್ಲ.

ಓಡಿ ಹೋದೆ. “ಬಾಯಿ, ಘಾತ ಆತು! ಯಾರೋ ದೀಪ ಬದಲ್ಯಾರ! ನನ್ನ ಚುಕ್ಕಿ ಎಲ್ಲಾ ಹೋದ್ವು!”

ಬಾಯಿ ಭಾಳ ಖುಷಿಲೆ ನನ್ನ ಬೆನ್ನು ಚಪ್ಪರಿಸಿದ್ಲು.

“ಪಂಚಾಯತಿಗೆ ಅಡ್ಡಾಡಿ ನಾನ ಹಾಕಿಸೇನಿ. ನೀ ಕತ್ತಲದಾಗ ನಿಂತ್ರ ಮೈದುನಗ ಹೆಂಗ ಕಾಣಬೇಕು?”