ಕಾಕಾನ ಬಾಯಿಗೆ ಕರದಂಟು

ನಮ್ಮ ಕಾಕಾ ಎಚ್ಚರವಿದ್ದೂ ಸುಮ್ಮನೆ ಕೂತದ್ದನ್ನು ಕಂಡವರು ಕಲ್ಲೋಳಿಯಲ್ಲಿ ಯಾರಾದರೂ ಇದ್ದರೆ ಮುಂದೆ ಬರಲಿ! ಹಲ್ಲು ಕೀಳಿಸಿಕೊಳ್ಳುವಾಗಲೂ ಡಾಕ್ಟರರ ಮಗಳಿಗೆ ವರ ಸೂಚಿಸಿದ ಮಹಾನುಭಾವರಿವರು.

ಹೆಂಡತಿ, ಅಂದರೆ ನಮ್ಮ ಕಾಕು, ತೀರಿಕೊಂಡ ಮೇಲೆ ಕಾಕಾಗೆ ನಿದ್ದೆ ಹೋಯಿತು, ಊಟ ಹೋಯಿತು, ಮಾತು ಮಾತ್ರ ಹೋಗಲಿಲ್ಲ. ಲೋಕದ ಸುದ್ದಿಯೆಲ್ಲ ಆಡುವರು, ಕಾಕುವಿನ ಸುದ್ದಿಯೊಂದನ್ನು ಬಿಟ್ಟು. "ಒಳಗಿಂದು ಹೊರಗ ಬರಲಿಲ್ಲಂದ್ರ ನಿದ್ದಿ ಬರೂದಿಲ್ರಿ" ಎಂದು ಮೂಡಲಗಿಯ ಡಾಕ್ಟರರು ಗೋಕಾಕದ ಒಂದು ಗುಂಪಿಗೆ ಕಳಿಸಿದರು. ಮನೆಯವರನ್ನು ಕಳೆದುಕೊಂಡ ಏಳೆಂಟು ಜನ ಮಂಗಳವಾರಕ್ಕೊಮ್ಮೆ ದುಂಡಗೆ ಕೂತು ದುಃಖ ಹೇಳಿಕೊಳ್ಳುವ ಗುಂಪದು. ಕಾಕಾನನ್ನು ಬೈಕಿನಲ್ಲಿ ಕರೆದೊಯ್ದು ಗುಂಪಿನ ಹಿಂದೆ ಕೂರುವ ಕೆಲಸ ನನ್ನದು.

ಗುಂಪು ನಡೆಸುವ ಮೇಡಂ ಹುಕ್ಕೇರಿಯವರು. ಮೊದಲ ದಿನವೇ ಒಂದು ಚೆಂಡು ಹಿಡಿದು ನಿಯಮ ಹೇಳಿದರು: "ಇಲ್ಲಿ ಊರು, ಮನಿತನ ಕೇಳೂದು ಬ್ಯಾಡ್ರಿ. ಈ ಚೆಂಡು ಯಾರ ಕೈಯಾಗ ಐತಿ, ಅವರಷ್ಟ ಮಾತಾಡಬೇಕು."

"ಊರು ಕೇಳಲಾರದ ಮಾತು ಹೆಂಗ ಚಾಲೂ ಮಾಡೂದ್ರಿ?" ಎಂದರು ಕಾಕಾ. ಚಹಾ ಬರುವುದರೊಳಗೆ ಮಸಗುಪ್ಪಿಯ ಮಾಸ್ತರರು ಅಳಿಯನಾದರು, ಹತ್ತರಗಿಯ ಅಕ್ಕ ಬೀಗತಿಯಾದರು. ಮೇಡಮ್ಮಿಗೇ ಒಬ್ಬ ಸೋದರಮಾವನನ್ನು ಹುಡುಕಿಕೊಟ್ಟರು! ಇನ್ನು ಚೆಂಡು? ಅದು ಕಾಕಾನ ಕೈಗೆ ಬಂದದ್ದು ಗೊತ್ತು, ಹೋದದ್ದನ್ನು ಯಾರೂ ಕಾಣಲಿಲ್ಲ.

ಮೂರನೇ ವಾರ ಮಾಸ್ತರರು ಕರದಂಟು ತಂದರು. ಅಂಟು, ಬೆಲ್ಲ, ಒಣಹಣ್ಣು ಕೂಡಿದ ಪದಾರ್ಥ. ಬಾಯಿಗಿಟ್ಟವನು ಅಗಿಯುವುದು ಬಿಟ್ಟು ಬೇರೇನೂ ಮಾಡಲಾರ. ಎಲ್ಲಕ್ಕಿಂತ ದೊಡ್ಡ ತುಂಡು ಕಾಕಾಗೆ! ಆ ಸಂದಿಯಲ್ಲಿ, ಅಲ್ಲಿಯತನಕ ತಮ್ಮ ದುಃಖ ಹೇಳದ ಹತ್ತರಗಿ ಅಕ್ಕ ಚೆಂಡು ಹಿಡಿದು, ತೀರಿಹೋದ ಮಗಳ ಬಗ್ಗೆ ಹೇಳಿದರು. ಕಾಕಾ ಅಗಿಯುತ್ತ ಕೇಳಿದರು. ಮುಂದಿನ ವಾರದಿಂದ ಕರದಂಟೂ ಒಂದು ನಿಯಮವಾಯಿತು.

ಹೋದ ಮಂಗಳವಾರ ಎಲ್ಲರ ಸರದಿ ಮುಗಿದಿತ್ತು. ಕಾಕಾ ಇನ್ನೊಂದು ತುಂಡಿಗೆ ಕೈ ಚಾಚಿದರೆ ಅಕ್ಕ ಡಬ್ಬಿಗೆ ಮುಚ್ಚಳ ಹಾಕಿ, ಆ ಕೈಗೆ ಚೆಂಡು ಇಟ್ಟರು. "ನಮ್ಮದೆಲ್ಲಾ ಕೇಳಿದ್ರಿ ಬೀಗರ. ಈಗ ನಿಮ್ಮದು ಹೇಳ್ರಿ."

ಬಾಯಿ ಖಾಲಿಯಿದ್ದರೂ ಮಾತಿಲ್ಲ! ಚೆಂಡನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ಕಾಕಾ ಅಂದರು: "ಆಕಿ ಏನರ ಹೇಳಾಕ ಬಂದ್ರ ನಾನ ಮಾತಾಡ್ತಿದ್ನಿ. ಕಡೀ ದಿನಾನೂ 'ಏನ್ರಿ, ಇಲ್ಲಿ ಕೇಳ್ರಿ' ಅಂದ್ಲು. ನಾ ಕೇಳಲಿಲ್ಲ. ಏನ್ ಹೇಳಾಕ ಬಂದಿದ್ಲೋ..." ಅಷ್ಟಕ್ಕೇ ಅಳು ಬಂತು. ಮಾಸ್ತರರು ಕೈ ಹಿಡಿದುಕೊಂಡರು.

ಮರಳಿ ಬರುವಾಗ ಹಿಂದಿನ ಸೀಟಿನಲ್ಲಿ ಸದ್ದೇ ಇಲ್ಲ. ಎಲ್ಲಾದರೂ ಬಿದ್ದುಬಿಟ್ಟರೋ ಎಂದು ಎರಡು ಸಲ ತಿರುಗಿ ನೋಡಿದೆ! ಕಲ್ಲೋಳಿ ಹತ್ತಿರವಾದಾಗ ನನ್ನ ಹೆಗಲ ಮೇಲೆ ಕೈಯಿಟ್ಟರು.

"ನೀ ಏನರ ಹೇಳೋ ತಮ್ಮಾ. ನಾ ಕೇಳ್ತೇನಿ."

ಬೈಕು ನಿಲ್ಲಿಸಿದೆ. ಮೂವತ್ತು ವರ್ಷದಿಂದ ಹೇಳಬೇಕೆಂದಿದ್ದ ಮಾತು ಎಷ್ಟೋ ಇದ್ದವು. ಯಾವುದರಿಂದ ಶುರು ಮಾಡಲೆಂದು ಹುಡುಕತೊಡಗಿದೆ. ಕಾಕಾ ಸುಮ್ಮನೆ ಕಾಯುತ್ತ ಕೂತಿದ್ದರು.